ಗೋದಾಳ ಕೋರೆಹಲ್ಲು

ಸಂಕ್ರಾಂತಿಯ ದಿನ ಎಳ್ಳುಂಡಿ ಕೊಟ್ಟವರನ್ನು ಬೈಯುವ ಹಾಗಿಲ್ಲ. ಆ ಪದ್ಧತಿಯೊಂದು ಇಲ್ಲದಿದ್ದರೆ ಅವತ್ತು ರುದ್ರಪ್ಪನ ಗತಿ ನೆಟ್ಟಗಿರುತ್ತಿರಲಿಲ್ಲ.

ಅವನ ತಾಯಿ ಕಾಶವ್ವ, "ಬೆಲ್ಲದ ಪಾಕದ ಮ್ಯಾಲೆ ಕಣ್ಣಿಡಪಾ" ಎಂದು ಹೇಳಿ ನೀರು ತರಲು ಹೋಗಿದ್ದಳು. ರುದ್ರಪ್ಪ ಕಣ್ಣಿಟ್ಟಿದ್ದೇನೋ ನಿಜ, ಪಾಕದ ಮೇಲಲ್ಲ. ಪುಣೆಯ ರವಿವಾರ ಪೇಠೆಯ, ಹತ್ತಾರು ಸಂಸಾರಗಳಿದ್ದ ಆ ವಾಡೆಯ ಅಂಗಳದಲ್ಲಿ ಎದುರು ಮನೆಯ ಗೋದಾ ರಂಗೋಲಿ ಹಾಕುತ್ತಿದ್ದಳು. ಚುಕ್ಕಿ ಇಡುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಅದನ್ನು ಬಿಟ್ಟು ಪಾಕವನ್ನು ನೋಡುವವರು ಯಾರು? ಅವಳು ರಂಗೋಲಿ ಮುಗಿಸುವಷ್ಟರಲ್ಲಿ ಪಾಕ ಹದ ಮೀರಿತ್ತು.

ಸಂಜೆ ಅವನೇ ಹೋಗಿ ಅವಳ ಕೈಗೆ ಉಂಡಿ ಇಟ್ಟ. "ತಗೋರಿ, ಎಳ್ಳು ಬೆಲ್ಲದಂಗ ಇರೋಣು."

ಅವಳು ಕಚ್ಚಿದಳು. ಕಟ್ ಎಂದಿತು. ಕೋರೆಹಲ್ಲಿನ ತುದಿಯ ಒಂದು ಚೂರು ಹಾರಿಹೋಗಿತ್ತು.

"ಹಲ್ಲಿನ ಡಾಕ್ಟರ್ ಆಗಾವ್ರು ಮೊದಲ ಹಲ್ಲು ಮುರಿಯೂದು ಕಲೀತೀರೇನ್ರಿ?" ಎಂದಳು ಗೋದಾ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಬೈಬೇಕಂತ ಭಾಳ ಅನಸ್ತದ. ಏನ್ ಮಾಡ್ಲಿ, ನಿಮ್ಮ ಎಳ್ಳು ತಿಂದೀನಿ."

"ನಾಳೆ ಬೈರಿ."

"ನೆನಪಿಟ್ಟು ಬೈತೀನಿ."

ಮರುದಿನ ಅವಳು ಬೈಯಲಿಲ್ಲ. ಅದರ ಮರುದಿನವೂ ಬೈಯಲಿಲ್ಲ. ಅವನಿಗೆ ಅದೇ ದೊಡ್ಡ ಶಿಕ್ಷೆಯಾಯಿತು. ಅಂದಿನಿಂದ ಜನರ ಮುಂದೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಳು. ಇವನ ಮುಂದೆ ಮಾತ್ರ ಮುಚ್ಚಿಕೊಳ್ಳುವುದನ್ನು ಮರೆಯುತ್ತಿದ್ದಳು.

ರುದ್ರಪ್ಪ ಇಂಟರ್ ಸಾಯನ್ಸಿನಲ್ಲಿ ಹೇಗೋ ಏದುಸಿರು ಬಿಟ್ಟು ಥರ್ಡ್ ಕ್ಲಾಸ್ ತಲುಪಿದವನು. ಮುಂಬಯಿಯ ದಂತವೈದ್ಯ ಕಾಲೇಜಿನವರು ಹೋದ ವರ್ಷ ಅವನ ಅಂಕ ನೋಡಿಯೇ ಮನೆಗೆ ಕಳಿಸಿದ್ದರು. ಈ ವರ್ಷ ಸೀಮೆಸುಣ್ಣದಲ್ಲಿ ಹಲ್ಲು ಕೆತ್ತುವ ಕೈಕೆಲಸದ ಪರೀಕ್ಷೆಯೂ ಇದೆ ಎಂದು ಗೊತ್ತಾಗಿ ಮತ್ತೆ ಆಸೆ ಚಿಗುರಿತ್ತು. ಮಗನ ಮನಸ್ಸು ತಿಳಿದ ಕಾಶವ್ವ ಗೋದಾಳ ತಂದೆ ಸಿದ್ರಾಮಪ್ಪನವರ ಹತ್ತಿರ ಮದುವೆಯ ಮಾತು ತೆಗೆದೂ ಆಗಿತ್ತು.

"ಹುಡುಗ ಛಲೋ ಇದ್ದಾನ್ರೀ," ಎಂದಿದ್ದರು ರೈಲ್ವೆ ಕಚೇರಿಯ ಆ ಗುಮಾಸ್ತರು. "ಆದ್ರ ಖಾಲಿ ಕೂತಾವಂಗ ಮಗಳನ್ನ ಹೆಂಗ ಕೊಡ್ಲಿ? ಜೂನದಾಗ ಸೀಟು ಸಿಗಲಿ. ಇಲ್ಲಂದ್ರ ಆಕಿನ್ನ ಕೇಳ್ಯಾರಲ್ಲ, ಆ ಸೊಲ್ಲಾಪುರದ ವಕೀಲರಿಗೆ ಹೂಂ ಅಂತೀನಿ."

ಇದನ್ನು ಕೇಳಿಸಿಕೊಂಡ ಮರುದಿನವೇ ಗೋದಾ ತಾನು ಕಲಿಸುವ ಹೆಣ್ಣುಮಕ್ಕಳ ಶಾಲೆಯಿಂದ ಸೀಮೆಸುಣ್ಣದ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ರುದ್ರಪ್ಪ ನಲ್ಲಿಯ ಕಟ್ಟೆಯ ಮೇಲೆ ಕೂತು, ಚಾಕುವಿನಿಂದ ಅವನ್ನು ಕೆತ್ತಿ ಹಲ್ಲು ಮಾಡುವುದನ್ನು ಕಲಿಯತೊಡಗಿದ.

"ಇದು ಹಲ್ಲೋ, ಶೇಂಗಾ ಕಾಳೋ?" ಎಂದಳು ಅವಳು, ಕೊಡ ತುಂಬುತ್ತ.

"ಪುಸ್ತಕದಾಗ ಹಿಂಗ ಅದರಿ."

"ಪುಸ್ತಕ ನಂಬಿನ ಥರ್ಡ್ ಕ್ಲಾಸ್ ಬಂದದ ನಿಮಗ. ಬಾಯಿ ನೋಡಿ ಮಾಡ್ರಿ."

"ಯಾರ ಬಾಯಿ?"

ಅವಳು ನಕ್ಕಳು. ಕೊಡ ತುಂಬಿ ಹರಿಯಿತು. ಅವನ ಚಾಕು ನಿಂತಲ್ಲೇ ನಿಂತಿತು.

ಜೂನ್ ಬಂತು. ಮುಂಬಯಿಯಲ್ಲಿ ಉದ್ದನೆಯ ಮೇಜಿನ ಹಿಂದೆ ಕೂತಿದ್ದ ಮುದುಕ ಡಾಕ್ಟರು ಅವನ ಅಂಕಪಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. ಎಲ್ಲರಿಗೂ ಒಂದೊಂದು ದಪ್ಪ ಸೀಮೆಸುಣ್ಣ, ಒಂದೊಂದು ಚಾಕು. ಮೇಲಿನ ಕೋರೆಹಲ್ಲು ಕೆತ್ತಬೇಕು.

ರುದ್ರಪ್ಪನಿಗೆ ಪುಸ್ತಕದ ಚಿತ್ರ ನೆನಪಾಗಲೇ ಇಲ್ಲ. ಸೊಲ್ಲಾಪುರದ ವಕೀಲರು ಕಣ್ಣ ಮುಂದೆ ಬಾಸಿಂಗ ಕಟ್ಟಿಕೊಂಡು ನಿಂತರು. ಆಮೇಲೆ, ಪುಣ್ಯಕ್ಕೆ, ನಲ್ಲಿಯ ಬಳಿಯ ಆ ನಗು ನೆನಪಾಯಿತು. ಅದು ನೆನಪಾದ ಮೇಲೆ ಕೈ ತಾನೇ ಕೆಲಸ ಮಾಡಿತು.

ಡಾಕ್ಟರು ಅವನು ಕೆತ್ತಿದ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. "ಉಳಿದವರದೆಲ್ಲ ಪುಸ್ತಕದ ಹಲ್ಲು. ನಿನ್ನದು ತುಸು ವಾಲಿದೆ, ತುದಿಯಲ್ಲಿ ಚೂರು ಮುರಿದಿದೆ. ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ ಸರ್. ಪುಣೆಯದು."

ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಅವನ ಕಿವಿ ಕೆಂಪಾದದ್ದನ್ನೂ ನೋಡಿದರು. "ಅಂಕ ನಾವು ಕಲಿಸಿ ಹೆಚ್ಚಿಸಬಹುದು," ಎಂದರು ಪಕ್ಕದವರಿಗೆ, "ಇಷ್ಟು ಚೆನ್ನಾಗಿ ನೋಡುವುದನ್ನು ಕಲಿಸಲಾಗುವುದಿಲ್ಲ."

ಮರುದಿನ ಅವನು ಅಂಗಳಕ್ಕೆ ಬಂದಾಗ ಗೋದಾ ತುಳಸಿಕಟ್ಟೆಯ ಬಳಿ ನಿಂತಿದ್ದಳು. ಕೇಳುವ ಧೈರ್ಯವಾಗದೆ ಅವನ ಕೈಯಲ್ಲಿದ್ದ ಲೋಣಾವಳಾದ ಚಿಕ್ಕಿಯ ಪೊಟ್ಟಣವನ್ನು ನೋಡಿದಳು.

"ಇನ್ನೊಂದು ಹಲ್ಲು ಮುರೀಲಿಕ್ಕೆ ತಂದೀರೇನು?"

"ಮುರಿದ್ರ ಕಟ್ಟಿಕೊಡ್ತೀನ್ರಿ. ಸೀಟು ಸಿಕ್ಕದ."

ಅವಳು ಉಸಿರು ಬಿಟ್ಟಳು. ಅವನು ಕಿಸೆಯಿಂದ, ಡಾಕ್ಟರು ಮರಳಿ ಕೊಟ್ಟಿದ್ದ ಆ ಬಿಳಿಯ ಹಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ತಿರುಗಿಸಿ ನೋಡಿದಳು. ನಾಲಿಗೆ ತನ್ನಷ್ಟಕ್ಕೆ ಕೋರೆಹಲ್ಲಿನ ಮುರಿದ ತುದಿಗೆ ಹೋಯಿತು.

"ಇದು ನಂದು," ಎಂದಳು ಮೆಲ್ಲಗೆ. "ಇಷ್ಟು ಯಾವಾಗ ನೋಡಿದ್ರಿ?"

"ನೀವು ನಕ್ಕಾಗೆಲ್ಲ. ನಂಗ ಬ್ಯಾರೆ ಯಾವ ಹಲ್ಲೂ ಬರೂದಿಲ್ರಿ, ಗೋದಾ. ಬ್ಯಾರೆ ಯಾರೂ ಮನಸಿಗೆ ಬರೂದಿಲ್ಲ."

ಒಳಗೆ ಸಿದ್ರಾಮಪ್ಪನವರು ಕೆಮ್ಮಿದರು. "ಕಾಶವ್ವಾರ," ಎಂದು ಎದುರು ಮನೆಗೆ ಕೂಗಿ ಹೇಳಿದರು, "ಸೊಲ್ಲಾಪುರಕ್ಕ ಬ್ಯಾಡಂತ ತಿಳಿಸ್ತೀನ್ರಿ. ಚಹಾಕ್ಕ ಬರ್ರಿ."

ಗೋದಾ ಸೀಮೆಸುಣ್ಣದ ಹಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಬೈಯೂದು ಒಂದು ಉಳದದ, ನೆನಪದ ಏನು?"

"ಅದ. ಬೈರಿ."

"ಮುಂದಿನ ಸಂಕ್ರಾಂತಿಗೆ ನೀವು ಪಾಕದ ಹತ್ತರ ಬರಬ್ಯಾಡ್ರಿ. ನಿಮ್ಮ ಮನ್ಯಾಗ ಉಂಡಿ ನಾನ ಕಟ್ತೀನಿ."

ಅಷ್ಟು ಬೈದು ಅವಳು ನಕ್ಕಳು. ಅಪ್ಪ ಬಾಗಿಲಲ್ಲಿ ನಿಂತಿದ್ದರೂ ಸೆರಗು ಬಾಯಿಗೆ ಹೋಗಲಿಲ್ಲ.