ಶಮಶಾದಳ ಕಪ್ಪು ಫಲಕ

ಕ್ಷಯರೋಗ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ‘ಆರಂಭದರ್ಶಕ’ ಬಂದು ಮೂರು ದಿನವಾಗಿತ್ತು. ಎದೆಗೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ಶ್ವಾಸಕೋಶದೊಳಗಿನ ಬ್ಯಾಕ್ಟೀರಿಯಾಗಳನ್ನು ಗಮನಿಸುತ್ತಿತ್ತು. ಯಾವುದೇ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ನಕಲು ತೆಗೆಯಲು ಆರಂಭಿಸಿದೊಡನೆ ರೋಗಿಯ ತಲೆದೆಸೆಯ ಫಲಕದಲ್ಲಿ ಒಂದು ಹಸಿರು ಚುಕ್ಕೆ ಹತ್ತಿಕೊಳ್ಳುತ್ತಿತ್ತು. ಪ್ರತಿ ಬಿಲ್ಲೆಗೂ ಒಂದೇ ಫಲಕ; ಬಿಲ್ಲೆ ಯಾರ ಎದೆಯ ಮೇಲಿದ್ದರೂ ಚುಕ್ಕೆ ಹತ್ತುವುದು ಆ ಫಲಕದಲ್ಲೇ.

ರಬಕವಿಯ ನೇಕಾರಗಿತ್ತಿ ನೀಲವ್ವನ ಫಲಕದ ತುಂಬ ಚುಕ್ಕೆಗಳು. ಪಕ್ಕದ ಹಾಸಿಗೆಯ ಶಮಶಾದಳ ಫಲಕ ಕಪ್ಪಗೆ ಖಾಲಿಯಾಗಿತ್ತು. ನೋಡಲು ಬಂದವರೆಲ್ಲ, “ನಿನಗ ಆರಾಮಾತ್ ಬಿಡವಾ,” ಎಂದು ಶಮಶಾದಳಿಗೆ ಹೇಳುವರು. ನೀಲವ್ವನ ತಂಗಿಯೂ ಹಾಗೆಯೇ ಹೇಳಿ, ಅಕ್ಕನ ಫಲಕ ಕಂಡು ಮೂಗಿಗೆ ಸೆರಗು ಹಿಡಿದಳು. ಶಮಶಾದ ಯಾರಿಗೂ ಉತ್ತರಿಸುತ್ತಿರಲಿಲ್ಲ. ಆ ಮೌನ ನೀಲವ್ವನಿಗೆ ಸೊಕ್ಕಾಗಿ ಕಂಡಿತು. ನಾಲ್ಕು ತಿಂಗಳಿಂದ ಇಬ್ಬರಿಗೂ ಒಂದೇ ಗುಳಿಗೆ, ಒಂದೇ ಗಂಜಿ. ಇವಳಿಗೊಬ್ಬಳಿಗೇ ಏಕೆ ಈ ಭಾಗ್ಯ?

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಇಬ್ಬರೂ ಬಿಲ್ಲೆ ತೆಗೆದು ಗೂಡಿನಲ್ಲಿಟ್ಟರು. ಮೊದಲು ಹೊರಬಂದ ನೀಲವ್ವ ಶಮಶಾದಳ ಬಿಲ್ಲೆಯನ್ನು ತಾನು ಅಂಟಿಸಿಕೊಂಡಳು. ತನ್ನದನ್ನು ಅವಳ ಜಾಗದಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ಶಮಶಾದಳ ಫಲಕವೆಲ್ಲ ಹಸಿರಾಯಿತು, ನೀಲವ್ವನದು ಕಪ್ಪಾಯಿತು. ಅದನ್ನು ನೋಡಿ ಶಮಶಾದ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಅಳಲಿ, ಎಂದುಕೊಂಡಳು ನೀಲವ್ವ.

ಡಾ. ವೀಣಾ ಹಂಚಿನಾಳ ಬಂದವರೇ ನೀಲವ್ವನ ಪಕ್ಕ ಕುಳಿತರು. “ಎದಿಗುಂದಬ್ಯಾಡ್ರಿ. ನಿಮ್ಮವೂ ಮತ್ತ ಎಚ್ಚರ ಆಗ್ತಾವ.”

“ಚುಕ್ಕಿ ಆರಿದ್ರ ಹುಳ ಸತ್ತಂಗ ಅಲ್ಲೇನ್ರಿ?”

“ಸತ್ತಿಲ್ಲ, ಮಲಗ್ಯಾವ.” ಡಾಕ್ಟರು ನೀಲವ್ವನ ಕೈಬಳೆಯನ್ನು ಮುಟ್ಟಿ ತೋರಿಸಿದರು. “ಅವುಗಳ ಡಿಎನ್‌ಎ ಹಿಂಗ ದುಂಡಗಿರತೈತಿ. ನಕಲು ಸುರು ಆಗೋ ಜಾಗ ಒಂದs. ಅಲ್ಲಿ ಒಂದು ಪ್ರೋಟೀನಿನ ಕಣಗಳು ಗುಂಪಾಗಿ ಕೂತು, ಹೊಸೆದ ಎರಡು ಎಳಿ ಬಿಡಸ್ತಾವ. ನಮ್ಮ ಹೊಸ ಔಷಧ ಹಿಡಿಯೋದು ಆ ಪ್ರೋಟೀನನ್ನ. ಕೆಲಸಕ್ಕ ಕೂತಾಗಷ್ಟs ಅದು ಕೈಗೆ ಸಿಗತೈತಿ. ಚುಕ್ಕಿ ಹತ್ತಿದವರು ಹತ್ತು ದಿನದಾಗ ಮನಿಗೆ. ಹತ್ತದವರು ಕಾಯಬೇಕು.”

“ಶಮಶಾದಗ ಇದು ಗೊತ್ತೈತೇನ್ರಿ?”

“ಮೊದಲ ದಿನಾನs ಕೇಳಿದ್ಲು. ನಿಮ್ಮ ಫಲಕ ನೋಡಿ ನೋಡಿ ಹೊಟ್ಟಿ ಉರಕೊಂತಿದ್ಲು.” ಡಾಕ್ಟರು ನಕ್ಕರು. “ಇವತ್ತ ಆಕಿದೂ ಹತ್ತೇತಿ. ನಾಳೆ ಚುಕ್ಕಿ ಹತ್ತಿದವರಿಗೆಲ್ಲ ಇಂಜೆಕ್ಷನ್ ಸುರು. ಆಮ್ಯಾಲ ಆಕಿ ಮನಿಗೆ ಹೋಗಿ, ತಾಯಿ ಹತ್ರ ಬಿಟ್ಟು ಬಂದ ಕೂಸನ್ನ ಎತ್ತಿಕೋಬಹುದು.”

ಮಲಗಿದ ಹುಳಕ್ಕೆ ಆ ಇಂಜೆಕ್ಷನ್ ನಾಟುವುದಿಲ್ಲ ಎಂಬುದು ನೀಲವ್ವನಿಗೆ ಹೊಳೆಯಿತು. ಮಲಗಿದ ರೋಗವನ್ನು ಎದೆಯಲ್ಲಿಟ್ಟುಕೊಂಡೇ ಶಮಶಾದ ಕೂಸನ್ನು ಎತ್ತಿಕೊಳ್ಳುತ್ತಾಳೆ. ಪಕ್ಕದ ಹಾಸಿಗೆಯಲ್ಲಿ ಅವಳು ಫೋನಿನಲ್ಲಿ ತಾಯಿಗೆ ತೊಟ್ಟಿಲು ತೊಳೆದಿಡಲು ಹೇಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನೀಲವ್ವ ಕಂಡಿರಲಿಲ್ಲ.

ನೀಲವ್ವ ಎದ್ದು ಹೋಗಿ ತನ್ನ ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತು ಅವಳ ಮುಂದೆ ಹಿಡಿದಳು. “ಇದು ನಿಂದು. ನಾ ಬದಲ್ ಮಾಡೀನಿ. ಆ ಚುಕ್ಕಿ ನನ್ನವು.”

ಶಮಶಾದ ಬಿಲ್ಲೆಯನ್ನು ತೆಗೆದುಕೊಂಡಳು. ಆಮೇಲೆ ಫೋನೆತ್ತಿ, “ಅಮ್ಮಾ, ತೊಟ್ಟಿಲಾ ಈಗ ಬ್ಯಾಡ,” ಎಂದಳು. ನೀಲವ್ವನ ಕಡೆ ತಿರುಗದೆಯೇ ಹೇಳಿದಳು: “ಹೇಳಿದ್ದು ಚಲೋ ಆತು. ಆದ್ರ ಇವತ್ತೊಂದಿನ ನನ್ನ ಕೂಡ ಮಾತಾಡಬ್ಯಾಡ.”