ಹತ್ತೊಂಬತ್ತನೆಯ ಜಾಯಿಂಟು

ಕೆಂಚಯ್ಯನ ಹೆಣವನ್ನು ಮೊದಲು ಮುಟ್ಟಿದವಳು ಅವನ ಹೆಂಡತಿ ಪುಟ್ಟಬಸಮ್ಮ.

ಧನಗೆರೆಯ ಶಿವಮಲ್ಲಪ್ಪನ ಹಿಪ್ಪುನೇರಳೆ ತೋಟ. 1976ರ ಒಂದು ಬೆಳಗ್ಗೆ, ಏಳು ಗಂಟೆ. ನೀರು ಹಾಯಿಸಲು ಬಂದಿದ್ದ ಆಳು ಕೆಂಚಯ್ಯ ಒದ್ದೆ ಬದುವಿನ ಮೇಲೆ ಬೋರಲಾಗಿ ಬಿದ್ದಿದ್ದ. ಅಂಗಾಲು ಸುಟ್ಟಿತ್ತು.

ಎಸ್ಸೈ ಒಂಬತ್ತಕ್ಕೆ ಬಂದರು. ಹೆಣವಿದ್ದ ಕಡೆ ಮೊಳದುದ್ದ ಅಗೆಸಿದರು. ಶೆಡ್ಡಿನ ಮೇನ್ ಸ್ವಿಚ್ಚಿನಿಂದ ಬಾವಿಯ ಮೋಟರಿಗೆ ನೆಲದಡಿ ಹೋಗಿದ್ದ ಪಿವಿಸಿ ಪೈಪು ಸಿಕ್ಕಿತು. ಅದರೊಳಗೆ ಕರೆಂಟಿನ ವೈರು. ಜಾಯಿಂಟು ಬಾಯಿ ಬಿಟ್ಟಿತ್ತು.

"ಅಂಟು ಹಾಕದೆ ಹೂತಿದ್ದಾನೆ. ವೈರ್‌ಮನ್ ಯಾರು?"

"ಯಳಂದೂರಿನ ಮಹದೇವು, ಸಾ," ಎಂದ ಶಿವಮಲ್ಲಪ್ಪನ ತಮ್ಮ ದೊಡ್ಡಮಾದಪ್ಪ. "ಅಣ್ಣ ಮನೆಮಂದಿ ಕರ್ಕಂಡು ನೆನ್ನೇನೆ ಹನೂರಿಗೆ ಓದ. ನಿಶ್ಚಿತಾರ್ಥ. ಇಲ್ಲಿರೋನು ನಾನೊಬ್ನೇ."

ಎಸ್ಸೈ ಜೀಪು ಹತ್ತಿದರು. ಅವರ ಮಟ್ಟಿಗೆ ಕೇಸು ಮುಗಿದಿತ್ತು.

*

ಮರುದಿನ ಠಾಣೆಯಲ್ಲಿ ಮಹದೇವುವಿನ ಹೇಳಿಕೆ ಬರೆದುಕೊಳ್ಳುವ ಕೆಲಸ ದಫೇದಾರ್ ರುದ್ರಸ್ವಾಮಿಯ ಪಾಲಿಗೆ ಬಂತು. ರುದ್ರಸ್ವಾಮಿಗೆ ನಿದ್ದೆ ಸಾಲದು. ಬೀಗ ಹಾಕಿ ಬಂದರೆ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡುವ ಮನುಷ್ಯ.

"ಎಷ್ಟು ಜಾಯಿಂಟು ಹಾಕಿದೆ?"

"ಅದ್ನೆಂಟು, ಸಾ. ಅತ್ತಡಿ ಪೈಪು, ಅತ್ತೊಂಬತ್ತು."

"ಹೆಂಗೆ ಅಂಟಿಸ್ತೀಯ?"

"ತುದಿ ಬಟ್ಟೇಲಿ ಒರಸ್ತೀನಿ. ಅಂಟು ಬಳ್ದು ಎರಡು ಪೈಪು ಕೂಡ್ಸೋ ಕಪ್ಲಿಂಗಿಗೆ ತುರುಕಿ, ಕಾಲು ಸುತ್ತು ತಿರುಗಿಸ್ತೀನಿ. ಮೂವತ್ತು ಸಲ ಶಿವಶಿವಾ ಅನ್ನೋಗಂಟ ಕೈ ಬಿಡಾಕಿಲ್ಲ. ಬಿಟ್ರೆ ಜಾರ್ತದೆ. ಆಮೇಲೆ ಆನೆ ಎಳುದ್ರೂ ಬರಾಕಿಲ್ಲ."

"ಎಲ್ಲದಕ್ಕೂ ಹಂಗೇ ಮಾಡಿದೆಯಾ?"

ಮಹದೇವು ತನ್ನ ಬೆರಳುಗಳನ್ನೇ ನೋಡಿಕೊಂಡ.

"ಮಾಡ್ದೆ ಅಂತ ನೆಪ್ಪು. ಆದ್ರೆ ಕೆಲ್ಸದ ನಡುವಲ್ಲಿ ಊಟಕ್ಕೆ ಕರುದ್ರು. ವಾಪಸ್ ಬಂದು ಎಲ್ಲಿಂದ ಸುರು ಮಾಡ್ದೆ... ರಾತ್ರಿಯೆಲ್ಲಾ ಲೆಕ್ಕ ಆಕ್ದೆ, ಸಾ. ಒಂದು ಬಿಟ್ಟೋಗಿರಬೈದು. ಬರ್ಕಳಿ. ನಂದೇ ತಪ್ಪು."

ಮೂಲೆಯಲ್ಲಿದ್ದ ಪೇದೆ ನಕ್ಕ. "ಸುಲಭ ಆಯ್ತಲ್ಲ ದಫೇದಾರ್ರೇ. ರುಜು ಹಾಕಿಸಿ, ಕಾಫಿಗೆ ಹೋಗೋಣ."

ರುಜು ಹಾಕಿದರೆ ಮಹದೇವುಗೆ ಜೈಲು. ವೈರ್‌ಮನ್ ಪರ್ಮಿಟ್ಟೂ ಹೋಗುತ್ತದೆ. ತಪ್ಪು ಮಾಡಿದವನು ಹೀಗೆ ಲೆಕ್ಕ ಹಾಕುತ್ತಾ ಕೂರುತ್ತಾನೆಯೇ? ರುದ್ರಸ್ವಾಮಿಗೆ ಖಾತ್ರಿಯಿರಲಿಲ್ಲ. ತನಗೆ ಖಾತ್ರಿಯಿದ್ದದ್ದಾದರೂ ಯಾವಾಗ? ಪೆನ್ನಿಗೆ ಮುಚ್ಚಳ ಹಾಕಿ ಸೈಕಲ್ ತೆಗೆದ.

*

ಇಬ್ಬರು ಆಳುಗಳನ್ನು ಹಿಡಿದು ಶೆಡ್ಡಿನಿಂದ ಬಾವಿಯವರೆಗೆ ಪೂರ್ತಿ ಅಗೆಸಿದ. ಹೊತ್ತು ನೆತ್ತಿಗೆ ಬಂತು. ಒಂದೊಂದು ಜಾಯಿಂಟಿಗೂ ಬಗ್ಗಿ, ಕಾಲು ಕೊಟ್ಟು ಎಳೆದು ನೋಡಿದ. ಒಂದೂ ಅಲುಗಲಿಲ್ಲ. ಸೊಂಟ ಬಿದ್ದುಹೋಯಿತು.

ಎಣಿಸಿದ. ಬಾಯಿ ಬಿಟ್ಟದ್ದೂ ಸೇರಿ ಹತ್ತೊಂಬತ್ತು.

ಮತ್ತೆ ಎಣಿಸಿದ. ಹತ್ತೊಂಬತ್ತೇ.

ಹದಿನೆಂಟು ಹತ್ತಡಿಗೊಂದರಂತೆ ಇದ್ದವು. ಬಾಯಿ ಬಿಟ್ಟದ್ದು ಮಾತ್ರ ಒಂದು ಪೈಪಿನ ನಡುವೆ. ಅಲ್ಲಿ ಗರಗಸದಲ್ಲಿ ಕೊಯ್ದಿದ್ದರು. ಕಪ್ಲಿಂಗನ್ನು ಉದ್ದಕ್ಕೆ ಸೀಳಿ ಹೊದಿಸಿದ್ದರು. ಒಳಗಿನ ವೈರಿನ ತೊಗಟೆ ಹೆರೆದಿದ್ದರು. ಅಲ್ಲಿದ್ದ ಅಂಟನ್ನು ಉಗುರಿನಿಂದ ಕೆರೆದ. ಸಿಪ್ಪೆಯ ಹಾಗೆ ಎದ್ದು ಬಂತು, ಎಳೆದರೆ ರಬ್ಬರಿನಂತೆ ಹಿಗ್ಗಿತು.

ಬದುವಿನಲ್ಲಿ ಕೂತಿದ್ದ ಪುಟ್ಟಬಸಮ್ಮನ ಹತ್ತಿರ ಹೋದ.

"ನೀನು ಮುಟ್ಟಿದಾಗ ಕರೆಂಟು ಹೊಡೀಲಿಲ್ವೇನಮ್ಮ?"

"ಇಲ್ಲ ಕನಪ್ಪ. ಮೋಟ್ರು ಆಗ್ಲೇ ನಿಂತಿತ್ತು. ಸದ್ದು ನಿಂತುದ್ದು ಕೇಳಿ, ಬತ್ತಾನೆ ಅಂತ ತಟ್ಟೆಗೆ ಇಟ್ಟಿಕ್ಕಿ ಕಾದೆ. ಇಟ್ಟು ಆರೋಯ್ತು. ಆಮೇಲೆ ಬಂದೆ."

ಸೆರಗು ಬಾಯಿಗೆ ಒತ್ತಿಕೊಂಡಳು.

*

ದೊಡ್ಡಮಾದಪ್ಪನ ರೇಷ್ಮೆಹುಳದ ಮನೆ ತೋಟದ ಅಂಚಿನಲ್ಲೇ ಇತ್ತು. ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು.

"ಹಣ್ಣಾಗಿ ಗೂಡು ಕಟ್ಟೋಕೆ ಹತ್ರ ಬಂದಿವೆ," ಎಂದ ರುದ್ರಸ್ವಾಮಿ. "ರಾತ್ರಿಯೂ ಸೊಪ್ಪು ಹಾಕಬೇಕಲ್ಲ? ಬೆಳಕಿಗೇನು?"

"ಲಾಟೀನು, ಸಾ. ಆಸ್ತಿ ಬಾಗ ಆದ್ಮೇಲೆ ಕರೆಂಟು ಅಣ್ಣನಿಗೆ ಓಯ್ತು."

ರುದ್ರಸ್ವಾಮಿ ಗೋಡೆಯ ಗೂಡಿನಲ್ಲಿದ್ದ ಲಾಟೀನು ಎತ್ತಿದ. ಗಾಜಿನೊಳಗೆ ಜೇಡ ಬಲೆ ಕಟ್ಟಿತ್ತು. ಲಾಟೀನಿನ ಹಿಂದೆ ಹಿಂಡಿ ಸುರುಟಿದ ಪಂಚರ್ ಸೊಲ್ಯೂಷನ್ ಟ್ಯೂಬು. ಗೋಡೆಯ ಬುಡದಲ್ಲಿ ಕಿರುಬೆರಳಿನಷ್ಟು ತೂತು. ಅದಕ್ಕೆ ಮೆತ್ತಿದ್ದ ಸಗಣಿ ಇನ್ನೂ ಹಸಿ.

"ಜೇಡ ದೀಪದೊಳಗೆ ಯಾವಾಗ ಮನೆ ಕಟ್ಟಿತು, ದೊಡ್ಡಮಾದಪ್ನೋರೇ?"

ದೊಡ್ಡಮಾದಪ್ಪ ತೂತಿಗೆ ಅಡ್ಡವಾಗಿ ನಿಂತ.

"ಪೈಪು ಕೊಯ್ದು ಅಣ್ಣನ ವೈರಿಗೆ ನಿಮ್ಮ ವೈರು ಸಿಕ್ಕಿಸಿದ್ರಿ. ಆ ತೂತಿನಿಂದ ಒಳಗೆ ತಂದ್ರಿ. ಮೇಲೆ ಪಂಚರ್ ಅಂಟು ಮೆತ್ತಿದ್ರಿ. ಪೈಪಿನ ಅಂಟು ಎರಡು ತುದೀನ ಕರಗಿಸಿ ಒಂದು ಮಾಡ್ತದೆ. ಇದು ಮೇಲೆ ಕೂತ್ಕೊಳ್ತದೆ, ಅಷ್ಟೆ. ನೀರು ಒಳಗಿಳೀತು. ಬದುವಿಗೆ ಕರೆಂಟು ಬಂತು."

"ಅರ್ಜಿ ಕೊಟ್ಟು ಎರಡು ವರ್ಸ ಆಯ್ತು, ಸಾ. ಒಂದು ಬಲ್ಬಿಗೆ. ಒಂದೇ ಒಂದು ಬಲ್ಬಿಗೆ ಕನ್ರಿ."

"ಬದುವಿನಲ್ಲಿ ಬಿದ್ದವನು ಶೆಡ್ಡಿಗೆ ಬಂದು ಮೋಟ್ರು ನಿಲ್ಲಿಸೋಕಾಗಲ್ಲ. ಮನೇಲಿದ್ದೋರು ನೀವೊಬ್ರೇ. ಮೇನ್ ಆರಿಸಿದ್ರಿ. ಆಮೇಲೆ?"

"ವೈರು ಎಳ್ಕಂಡೆ. ಕಪ್ಲಿಂಗೂ ಕಿತ್ಕಂಡ್ತು. ಮಣ್ಣು ಮುಚ್ದೆ."

"ಕೆಂಚಯ್ಯನಿಗೆ ಉಸಿರಿತ್ತಾ?"

"ನೋಡ್ನಿಲ್ಲ, ಸಾ."

ಹುಳಗಳು ಮೇಯುತ್ತಲೇ ಇದ್ದವು. ರುದ್ರಸ್ವಾಮಿ ಲಾಟೀನನ್ನು ಕಾಗದದಲ್ಲಿ ಸುತ್ತಿಕೊಂಡ.

*

ಸಂಜೆ ಮಹದೇವುವನ್ನು ಬಿಟ್ಟರು. ಅವನು ಚಪ್ಪಲಿ ಮೆಟ್ಟಿಕೊಂಡ, ಆದರೆ ಬಾಗಿಲು ದಾಟಲಿಲ್ಲ.

"ನನ್ನವು ಅದ್ನೆಂಟೂ ಸರಿಯಾಗಿದ್ವಾ, ಸಾ?"

"ಸರಿಯಾಗಿದ್ದವು."

"ನೀವೇ ಎಳ್ದು ನೋಡಿದ್ರಾ?"

"ಒಂದೊಂದನ್ನೂ."

ಮಹದೇವು ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿದ.

"ಊಟ ಆದ್ಮೇಲೆ ಆಕಿದ್ದು? ಅದೂವೆ?"

ರುದ್ರಸ್ವಾಮಿ ಸೊಂಟ ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದ. ಬೇರೆ ಯಾರಾದರೂ ಕೇಳಿದ್ದರೆ ಗದರುತ್ತಿದ್ದ.

"ಅದನ್ನ ಎರಡು ಸಲ ಎಳೆದೆ, ಕಣಪ್ಪ. ಹೋಗಿ ಮಲಕ್ಕೊ."