ರಾಹಿಲಾ ಸುತ್ತಿಟ್ಟ ಬೆಲ್ಟ್

“ರಾಹೀ, ಹಳದಿ ಬೆಲ್ಟ್ ಎಸಿ!”

ಉಪ್ಪ, ಅಂದರೆ ರಾಹಿಲಾಳ ಅಪ್ಪ, ಟೆಂಪೋದ ಮೇಲಿಂದ ಕೈ ಚಾಚಿದರು. ರಾಹಿಲಾ ಎಸೆಯಲಿಲ್ಲ. ಸಾಮಾನು ಬಿಗಿದು ಕಟ್ಟುವ ಬೆಲ್ಟಿನ ಸುರುಳಿಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು.

“ಕಿವಿ ಕೇಳುದಿಲ್ವಾ? ಹಳದಿ!”

“ಉಪ್ಪಾ, ನೀಲಿ ಹಾಕಿದ್ರೆ ಆಗುದಿಲ್ವಾ?”

“ನೀಲಿಯಾ?” ಉಪ್ಪನಿಗೆ ನಗು ಬಂತು. “ಅದು ಸಪೂರದ್ದು. ಫ್ರಿಡ್ಜಿಗೆ ಸಾಕು. ಈ ಮಿಷನ್ ಎಂತ ಫ್ರಿಡ್ಜಾ? ಇದಕ್ಕೆ ಅಗಲದ್ದೇ ಬೇಕು. ಕೊಡು ಬೇಗ. ಹಿಂದೆ ಆ ಲಾರಿಯವ ಹಾರ್ನ್ ಹೊಡ್ದು ಹೊಡ್ದು ತಲೆ ತಿಂತಾ ಇದ್ದಾನೆ.”

ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿ ಅದು. ಒಂದು ಟೆಂಪೋ ನಿಂತರೆ ಸೈಕಲ್ ದಾಟುವುದೂ ಕಷ್ಟ. ಅಂಥ ಓಣಿಯ ನಡುವೆ ಉಪ್ಪನ ಟೆಂಪೋ ನಿಂತಿತ್ತು. ಅದರ ಮೇಲೆ ಕುಶಲಕ್ಕನ ಹಿಟ್ಟಿನ ಮಿಷನ್. ಇಡೀ ಓಣಿಗೆ ಅಕ್ಕಿ ಹಿಟ್ಟು, ಮೆಣಸಿನ ಹುಡಿ ಮಾಡಿಕೊಟ್ಟ ಮಿಷನ್ ಇನ್ನು ವಾಮಂಜೂರಿಗೆ ಹೋಗಬೇಕು. ಕುಶಲಕ್ಕ ತಮ್ಮ ಮನೆಯ ಪಕ್ಕದಲ್ಲೇ ಹೊಸ ಅಂಗಡಿ ಇಡುತ್ತಿದ್ದರು. ಪೂರ್ತಿ ಕಬ್ಬಿಣದ ಆ ಮಿಷನನ್ನು ಮೇಲೆ ಹತ್ತಿಸುವಷ್ಟರಲ್ಲಿ ನಾಲ್ಕು ಜನರ ಬೆವರಿಳಿದಿತ್ತು.

“ಬೆಲ್ಟ್ ಗಟ್ಟಿ ಉಂಟಲ್ಲಾ, ಉಬೈದ್?” ಕುಶಲಕ್ಕ ಅಂಗಡಿಯ ಮೆಟ್ಟಿಲ ಮೇಲಿಂದ ಕೇಳಿದರು. “ಕುಲಶೇಖರದ ಏರಿನಲ್ಲಿ ಇದು ಜಾರಿದ್ರೆ ಎಂತ ಗತಿ? ಹಿಂದೆ ಸ್ಕೂಟರಿನವರು ಬರ್ತಾ ಇರ್ತಾರೆ.”

“ಹೆದರ್ಬೇಡಿ ಕುಶಲಕ್ಕ. ಬೆಲ್ಟ್ ಡಿಪಾರ್ಟ್‌ಮೆಂಟ್ ಪೂರಾ ನನ್ನ ಮಗಳದ್ದು. ಇವಳು ಸುತ್ತಿಟ್ಟದ್ದು ಅಂದ್ರೆ ನನಗೆ ಬಿಚ್ಚಿ ನೋಡ್ಲಿಕ್ಕೂ ಇಲ್ಲ.”

ಕುಶಲಕ್ಕ ರಾಹಿಲಾಳ ಕಡೆ ತಿರುಗಿ ನಕ್ಕರು. ಬೇರೆ ದಿನವಾಗಿದ್ದರೆ ರಾಹಿಲಾ ಉಬ್ಬಿ ಹೋಗುತ್ತಿದ್ದಳು. ಇವತ್ತು ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಪ್ರತಿ ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ರಾಹಿಲಾ ಉಪ್ಪನ ಜೊತೆ ಟೆಂಪೋದಲ್ಲಿ ಹೋಗುತ್ತಾಳೆ. ಸಾಮಾನು ಇಳಿಸಿದ ಮೇಲೆ ಬೆಲ್ಟುಗಳನ್ನು ಸುತ್ತಿಡುವುದು ಅವಳ ಕೆಲಸ. ಐದನೇ ಕ್ಲಾಸಿನಲ್ಲಿ ಅವಳಷ್ಟು ಚೆಂದ ಸುತ್ತುವವರು ಯಾರೂ ಇಲ್ಲ. ಅಂದರೆ, ಬೆಲ್ಟ್ ಸುತ್ತುವವರೇ ಬೇರೆ ಯಾರೂ ಇಲ್ಲ ಅನ್ನಿ.

ಆದರೆ ಕಳೆದ ಭಾನುವಾರ ಅವಳು ಒಂದು ಕೆಲಸ ಮಾಡಿದ್ದಳು. ತಮ್ಮ ಬಾಸಿತ್ ಉಯ್ಯಾಲೆ ಬೇಕು ಅಂತ ಅತ್ತಿದ್ದ. ಉಪ್ಪ ಮನೆಯಲ್ಲಿರಲಿಲ್ಲ. ಅಗಲ ಬೆಲ್ಟನ್ನು ಟೆರೇಸಿನ ಕಾಂಕ್ರೀಟ್ ಬೀಮಿನ ಮೇಲೆ ಹಾಯಿಸಿ ಕಟ್ಟಿದರೆ ಎಂಥಾ ಉಯ್ಯಾಲೆ! ಇಬ್ಬರೂ ಸಂಜೆಯವರೆಗೆ ಆಡಿದರು. ಬಿಚ್ಚಿದಾಗ ನೋಡಿದರೆ ಬೀಮಿನ ಅಂಚು ತಾಗಿದ ಕಡೆ ಬೆಲ್ಟ್ ಒಂದು ಬೆರಳಿನಷ್ಟು ಹರಿದು, ದಾರಗಳು ಹೊರಗೆ ಬಂದಿದ್ದವು.

ಅವಳು ಆ ಜಾಗ ಒಳಗೆ ಹೋಗುವ ಹಾಗೆ ಬೆಲ್ಟನ್ನು ಸುತ್ತಿಟ್ಟಳು. ನಾಳೆ ಹೇಳುತ್ತೇನೆ ಅಂದುಕೊಂಡಳು. ಆಮೇಲೆ ಸೋಮವಾರ ಬಂತು, ಮಂಗಳವಾರ ಬಂತು. ಅಗಲ ಬೆಲ್ಟ್ ಬೇಕಾಗುವಂಥ ಭಾರದ ಲೋಡೂ ಆ ವಾರ ಬರಲಿಲ್ಲ. ಹಾಗೇ ಶನಿವಾರವೂ ಬಂದುಬಿಟ್ಟಿತ್ತು.

“ಎಂತ ಮಾರಾಯ್ತಿ, ನಿದ್ದೆ ಮಾಡ್ತಾ ಇದ್ದೀಯಾ?” ಲೋಡಿಂಗಿಗೆ ಬಂದಿದ್ದ ಲೋಕಯ್ಯಣ್ಣ ಅವಳ ಕೈಯಿಂದ ಸುರುಳಿಯನ್ನು ತೆಗೆದು ಮೇಲೆ ಎಸೆದೇಬಿಟ್ಟರು.

ಉಪ್ಪ ಬೆಲ್ಟನ್ನು ಮಿಷನಿನ ಮೇಲೆ ಹಾಯಿಸಿದರು. ರಾಹಿಲಾ ನಿಂತ ಬಲಗಡೆಗೆ ಅದರ ಕೊಕ್ಕೆ ಸಿಕ್ಕಿಸಿದರು. ಎಡಗಡೆಗೆ ಹೋಗಿ ಬೆಲ್ಟಿನ ತುದಿಯನ್ನು ರ್‍ಯಾಚೆಟ್ಟಿಗೆ ತೂರಿಸಿದರು. ರ್‍ಯಾಚೆಟ್ ಅಂದರೆ ಕಬ್ಬಿಣದ ಹಿಡಿ. ಮೇಲೆ ಕೆಳಗೆ ಆಡಿಸಿದರೆ ಒಂದೊಂದೇ ಹಲ್ಲು ಮುಂದೆ ಹೋಗಿ ಬೆಲ್ಟ್ ಬಿಗಿಯಾಗುತ್ತದೆ.

ಕಟ್. ಕಟ್. ಕಟ್.

ಹರಿದ ಜಾಗ ಈಗ ರಾಹಿಲಾಳ ಕಣ್ಣೆದುರಿಗೇ ಇತ್ತು. ಆ ಕಡೆ ನಿಂತ ಉಪ್ಪನಿಗೆ ಕಾಣುವಂತಿರಲಿಲ್ಲ. ನಡುವೆ ಮಿಷನ್ ಅಡ್ಡ ಇತ್ತು.

ಹೇಳು, ಈಗ ಹೇಳು ಅಂತ ಅವಳ ಮನಸ್ಸು ಬಡಿದುಕೊಂಡಿತು. ಆದರೆ ಹೇಗೆ ಹೇಳುವುದು? ಕುಶಲಕ್ಕ ಇನ್ನೂ ಅವಳನ್ನೇ ನೋಡಿ ನಗುತ್ತಿದ್ದರಲ್ಲ!

“ಇನ್ನೂ ಅಲ್ಲಾಡ್ತದೆ,” ಲೋಕಯ್ಯಣ್ಣ ಮೇಲೆ ಹತ್ತಿ ಮಿಷನನ್ನು ದೂಡಿ ನೋಡಿದರು. ಕೆಳಗೆ ಇಳಿದು ಒಂದು ಉದ್ದದ ಕಬ್ಬಿಣದ ಪೈಪ್ ತಂದರು. “ಇದನ್ನು ಹಿಡಿಗೆ ಸಿಕ್ಕಿಸಿ ಎಳಿ ಉಬೈದ್. ಒಂದೇ ಸಲಕ್ಕೆ ಟೈಟ್.”

“ಬೇಡ ಲೋಕಯ್ಯಣ್ಣ. ಇದು ಕೈಯಲ್ಲಿ ಎಳೀಲಿಕ್ಕೆ ಮಾಡಿದ್ದು. ಪೈಪ್ ಹಾಕಿದ್ರೆ ಎಷ್ಟು ಎಳ್ದದ್ದು ಅಂತ ಕೈಗೆ ಗೊತ್ತೇ ಆಗುದಿಲ್ಲ.”

ಲಾರಿಯ ಹಾರ್ನ್ ಮತ್ತೆ ಕಿವಿ ಹರಿಯುವ ಹಾಗೆ ಕೂಗಿತು. ಅದರ ಹಿಂದೆ ಎರಡು ರಿಕ್ಷಾಗಳೂ ಸೇರಿಕೊಂಡವು. “ಇವತ್ತು ಬಿಡ್ತೀರಾ, ನಾಳೆ ಬಿಡ್ತೀರಾ?” ಅಂತ ಯಾರೋ ಕಿರುಚಿದರು.

ಉಪ್ಪ ಹಣೆಯ ಬೆವರು ಒರೆಸಿಕೊಂಡರು. “ಕೊಡಿ. ಒಂದೇ ಒಂದು ಹಲ್ಲು, ಆಯ್ತಾ?”

ಪೈಪ್ ಹಿಡಿಗೆ ಸಿಕ್ಕಿತು. ಉಪ್ಪ ಅದರ ಮೇಲೆ ಪೂರ್ತಿ ಬಗ್ಗಿ ಮೈಭಾರ ಹಾಕಿದರು.

ಕಟ್.

ಹರಿದ ಜಾಗದಲ್ಲಿ ಒಂದು ದಾರ ‘ಟಿಕ್’ ಎಂದು ಕಡಿಯಿತು. ಮತ್ತೊಂದು ಕಡಿಯಿತು. ಒಂದು ಬೆರಳಿನಷ್ಟಿದ್ದ ಹರುಕು ಎರಡು ಬೆರಳಿನಷ್ಟಾಯಿತು. ಬೆಲ್ಟಿನ ಆ ತುದಿಯಲ್ಲಿ, ಪೈಪಿನ ಮೇಲೆ, ಉಪ್ಪನ ಮುಖ ಇತ್ತು.

“ಉಪ್ಪಾ!” ರಾಹಿಲಾ ಎಂದೂ ಕೂಗದ ಹಾಗೆ ಕೂಗಿದಳು. “ಎಳೀಬೇಡಿ! ಬೆಲ್ಟ್ ಹರ್ದಿದೆ! ನಾನೇ ಹರ್ದದ್ದು!”

ಉಪ್ಪ ಹಾಗೇ ನಿಂತರು. ಕೈ ಬಿಡಲಿಲ್ಲ. ಮೆಲ್ಲಗೆ ಹಿಡಿಯನ್ನು ಹಿಂದಕ್ಕೆ ತಂದು, ಪೈಪನ್ನು ತೆಗೆದು, ಪಕ್ಕಕ್ಕೆ ಸರಿದರು.

“ಎಲ್ಲಿ?”

“ಈ ಕಡೆ. ಎರಡು ಬೆರಳಿನಷ್ಟು. ದಾರ ಕಡೀತಾ ಉಂಟು!”

“ನೀನು ಹಿಂದೆ ಹೋಗು. ಮೆಟ್ಟಿಲಿಗೆ ಹೋಗು. ಕುಶಲಕ್ಕ, ಇವಳನ್ನು ಹಿಡ್ಕೊಳ್ಳಿ. ಲೋಕಯ್ಯಣ್ಣ, ಬೆಲ್ಟಿನ ನೇರಕ್ಕೆ ನಿಲ್ಬೇಡಿ. ಹಿಂದಿನಿಂದ ಬಂದು ಮಿಷನಿನ ಅಡಿಗೆ ಮರದ ತುಂಡು ಕೊಡಿ. ಮಿಷನ್ ಗಟ್ಟಿ ನಿಂತ ಮೇಲೆ ಬಿಚ್ಚುವ.”

ಉಪ್ಪನ ದನಿ ಎಷ್ಟು ತಣ್ಣಗಿತ್ತೆಂದರೆ ರಾಹಿಲಾಳಿಗೆ ಅದರಿಂದಲೇ ಹೆದರಿಕೆಯಾಯಿತು. ಕುಶಲಕ್ಕ ಅವಳನ್ನು ಎಳೆದು ತಬ್ಬಿಕೊಂಡರು.

ಲೋಕಯ್ಯಣ್ಣ ಮರದ ತುಂಡನ್ನು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಮಿಷನ್ ಸ್ವಲ್ಪವೇ ಅಲುಗಿತು.

ಛಟ್!

ಬೆಲ್ಟ್ ಕಡಿದು, ಮಿಷನಿನ ಮೇಲಿಂದ ಹಾರಿ ಹೋಗಿ ಟೆಂಪೋದ ಎಡಗಡೆಯ ಹಲಗೆಗೆ ಬಡಿಯಿತು. ಹಲಗೆಯ ಬಣ್ಣ ಉದ್ದಕ್ಕೆ ಎದ್ದುಬಂತು. ಒಂದು ನಿಮಿಷದ ಹಿಂದೆ ಉಪ್ಪ ಅಲ್ಲೇ ಬಗ್ಗಿದ್ದರು.

ಹಾರ್ನ್ ನಿಂತಿತು. ಲೋಕಯ್ಯಣ್ಣ “ಅಯ್ಯೋ ದೇವರೇ” ಎನ್ನುತ್ತಾ ಅಲ್ಲೇ ಕುಳಿತುಬಿಟ್ಟರು. ಮಿಷನ್ ಮಾತ್ರ ಮರದ ತುಂಡಿನ ಮೇಲೆ ಏನೂ ಆಗದ ಹಾಗೆ ನಿಂತಿತ್ತು.

ಉಪ್ಪ ಕೆಳಗಿಳಿದು ಬಂದರು. ಕುಶಲಕ್ಕ ಕೊಟ್ಟ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಅವರಿಗೆ ಆಗಲಿಲ್ಲ. ಕುಶಲಕ್ಕನೇ ತೆಗೆದುಕೊಟ್ಟರು.

“ಹೇಗೆ ಹರ್ದದ್ದು?”

ರಾಹಿಲಾ ಎಲ್ಲವನ್ನೂ ಹೇಳಿದಳು. ಉಯ್ಯಾಲೆ, ಬೀಮು, ಒಳಗೆ ಹಾಕಿ ಸುತ್ತಿದ್ದು.

“ಬಾಸಿತ್ ಅದರಲ್ಲಿ ಕೂತಿದ್ನಾ? ಟೆರೇಸಿನಲ್ಲಿ?” ಉಪ್ಪ ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದಾಗ ಅವರ ಸಿಟ್ಟೆಲ್ಲ ಒಟ್ಟಿಗೆ ಹೊರಬಂತು. “ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಒಂದು ವಾರ ಬಾಯಿ ಇರ್ಲಿಲ್ವಾ? ಈಗ ಕೊಡುವಾಗಲಾದ್ರೂ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?”

ಇಡೀ ಓಣಿ ನೋಡುತ್ತಿತ್ತು. ರಾಹಿಲಾ ಬಿಕ್ಕಿ ಬಿಕ್ಕಿ ಅತ್ತಳು.

“ನೀವು ಕುಶಲಕ್ಕನ ಹತ್ರ ಹಾಗೆ ಹೇಳಿದ್ರಲ್ಲ. ನಾನು ಸುತ್ತಿದ್ರೆ ನೋಡ್ಲಿಕ್ಕೂ ಇಲ್ಲ ಅಂತ. ಮತ್ತೆ ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ.”

ಉಪ್ಪ ಬಾಟಲಿ ಎತ್ತಿದರು. ನೀರು ಕುಡಿದರು. ಕಡಿದ ಬೆಲ್ಟಿನ ತುಂಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

“ಬಿಚ್ಚಿ ನೋಡ್ಲಿಕ್ಕೆ ಎರಡು ನಿಮಿಷ ಸಾಕಿತ್ತು,” ಅಂದರು. “ನಾನು ನೋಡ್ಲಿಲ್ಲ. ಪೈಪನ್ನೂ ಹಾಕಿದೆ.”

ಅಷ್ಟರಲ್ಲಿ ಲಾರಿಯ ಡ್ರೈವರ್ ಮೂಸಬ್ಬ ಇಳಿದು ಬಂದರು. ಅಷ್ಟು ಹೊತ್ತು ಹಾರ್ನ್ ಹೊಡೆದವರು ಇವರೇ. ಜಗಳಕ್ಕೆ ಬಂದರೇನೋ ಅಂತ ಎಲ್ಲರೂ ಅಂದುಕೊಂಡರು. ನೋಡಿದರೆ ಅವರ ಹೆಗಲ ಮೇಲೆ ಒಂದು ಕಿತ್ತಳೆ ಬಣ್ಣದ ಅಗಲ ಬೆಲ್ಟ್, ಕೈಯಲ್ಲಿ ಮೊಣಕೈಯುದ್ದದ ಹಿಡಿ ಇರುವ ರ್‍ಯಾಚೆಟ್.

“ಹಿಡ್ಕೋ ಮಾರಾಯ. ಗ್ರಾನೈಟ್ ಇಳಿಸಿ ಬರ್ತಾ ಇದ್ದೇನೆ, ನನಗೀಗ ಇದು ಬೇಡ. ಅಗಲ ಬೆಲ್ಟಿಗೆ ಇಂಥಾ ಉದ್ದ ಹಿಡಿಯದ್ದೇ ಬೇಕು. ಆ ಗಿಡ್ಡ ಹಿಡಿಗೆ ಪೈಪ್ ಸಿಕ್ಕಿಸುದು ಎಂಥಾ ಬುದ್ಧಿ? ಮುಖ ಬೇಡ್ವಾ ನಿನಗೆ?”

“ತಪ್ಪಾಯ್ತು ಕಾಕ,” ಉಪ್ಪ ನಾಚಿಕೊಂಡರು.

“ತಪ್ಪು ನನ್ನದೂ ಉಂಟು. ಹಾರ್ನ್ ಹೊಡ್ದು ನಿನ್ನನ್ನು ಅರ್ಜೆಂಟ್ ಮಾಡಿದ್ದು ನಾನೇ ಅಲ್ವಾ? ಸಂಜೆ ಸ್ಟ್ಯಾಂಡಿನಲ್ಲಿ ವಾಪಸ್ ಕೊಡು, ಸಾಕು.”

ಉಪ್ಪ ಬೆಲ್ಟನ್ನು ತೆಗೆದುಕೊಂಡರು. ಕಟ್ಟಲು ಹೋಗಲಿಲ್ಲ. ಅದನ್ನು ಮೆಟ್ಟಿಲ ಮೇಲೆ ಉದ್ದಕ್ಕೆ ಬಿಚ್ಚಿ ಹಾಕಿ, ಅಂಚಿನ ಮೇಲೆ ಬೆರಳು ಓಡಿಸತೊಡಗಿದರು.

ಮೂಸಬ್ಬರ ಹುಬ್ಬು ಮೇಲೆ ಹೋಯಿತು. “ಎಂತ, ನನ್ನ ಬೆಲ್ಟಿನ ಮೇಲೆ ನಂಬಿಕೆ ಇಲ್ವಾ?”

“ನಂಬಿಕೆ ಉಂಟು ಕಾಕ. ನೋಡ್ತೇನೆ ಅಷ್ಟೇ.”

ಮೂಸಬ್ಬರಿಗೆ ಬೇಸರವೇನೂ ಆಗಲಿಲ್ಲ. “ನೋಡು, ನೋಡು,” ಎನ್ನುತ್ತಾ ಬೀಡಿ ಹುಡುಕಲು ಜೇಬಿಗೆ ಕೈ ಹಾಕಿದರು.

ರಾಹಿಲಾ ಮೂಗು ಒರೆಸಿಕೊಂಡು ಅವರಿಬ್ಬರನ್ನೂ ನೋಡಿದಳು. ಆಮೇಲೆ ಉಪ್ಪನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು. ಉಪ್ಪ ಅವಳ ಕಡೆ ತಿರುಗಲಿಲ್ಲ. ಆದರೆ ಬೆಲ್ಟಿನ ಇನ್ನೊಂದು ತುದಿಯನ್ನು ಅವಳ ಕಡೆಗೆ ದೂಡಿದರು.

ಅವಳು ಗೇಣು ಗೇಣಾಗಿ ನೋಡುತ್ತಾ ಬಂದಳು. ಮೊದಲು ಮೇಲಿನ ಮೈ, ಆಮೇಲೆ ಮಗುಚಿ ಕೆಳಗಿನ ಮೈ. ಹಿಂದೆ ರಿಕ್ಷಾದವರು ಎರಡು ಸಲ ಹಾರ್ನ್ ಹೊಡೆದರು. ಉಪ್ಪ ತಲೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮಧ್ಯಕ್ಕೆ ಬಂದಾಗ ಬೆರಳಿಗೆ ಏನೋ ಗಡುಸಾಗಿ ತಾಗಿತು. ಏನೂ ಅಲ್ಲದೆಯೂ ಇರಬಹುದು. ಹೇಳಿದರೆ ಮೂಸಬ್ಬ ಕಾಕ ನಗಬಹುದು, ರಿಕ್ಷಾದವರು ಬೈಯಬಹುದು.

“ಉಪ್ಪಾ, ಇಲ್ಲಿ ಎಂತದೋ ಉಂಟು.”

ಉಪ್ಪ ತಕ್ಷಣ ಹತ್ತಿರ ಬಂದು ಬಗ್ಗಿದರು. ಉಗುರಿನಿಂದ ಕೆರೆದರು. ಒಣಗಿದ ಮಣ್ಣಿನ ಹೆಕ್ಕಳೆಯೊಂದು ಎದ್ದು ಬಿತ್ತು. ಅದರ ಅಡಿಯಲ್ಲಿ ಬೆಲ್ಟ್ ನೆಟ್ಟಗಿತ್ತು.

“ಮಣ್ಣು!” ಮೂಸಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೋಕಯ್ಯಣ್ಣನೂ ನಕ್ಕರು.

ರಾಹಿಲಾಳಿಗೆ ನಾಚಿಕೆಯೇ ಆಗಲಿಲ್ಲ. ಉಪ್ಪ ಆ ಜಾಗವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬೆಲ್ಟನ್ನು ಅವಳ ಕೈಗೆ ವಾಪಸ್ ಕೊಟ್ಟರು.

“ಮುಂದೆ ನೋಡು,” ಅಂದರು.

ಅವಳು ಮುಂದಿನ ಗೇಣು ನೋಡಿದಳು.